ಸೋಪು ಕಾಣದ ಸೌಟು

ಟಾಲಿಗಂಜಿನ ಆ ಮೂರನೇ ಮಹಡಿಯ ಮನೆಯಲ್ಲಿ ಎಲ್ಲ ಪಾತ್ರೆಗೂ ಸೋಪು ಬೀಳುತ್ತಿತ್ತು, ಒಗ್ಗರಣೆ ಸೌಟೊಂದನ್ನು ಬಿಟ್ಟು. ಉದ್ದ ಹಿಡಿಯ ಕಬ್ಬಿಣದ ಸೌಟು ಅದು. ಜಯಂತಿಯ ಅತ್ತೆ ಕೋಟದ ಮನೆಯಿಂದ ಕೊಟ್ಟು ಕಳಿಸಿದ್ದು. ಒಗ್ಗರಣೆ ಆದ ಮೇಲೆ ಹಳೇ ಪಂಚೆಯ ತುಂಡಿನಿಂದ ಒಮ್ಮೆ ಒರೆಸಿ ಮೊಳೆಗೆ ನೇತು ಹಾಕಿದರೆ ಮುಗಿಯಿತು. ಮನೆಕೆಲಸಕ್ಕೆ ಬರುವ ಶೆಫಾಲಿ ಮಾಸಿ ಹೊಸದರಲ್ಲಿ ಅದನ್ನು ತಿಕ್ಕಲು ಹೊರಟಾಗ ಜಯಂತಿ ಓಡಿ ಬಂದು ಕಸಿದುಕೊಂಡಿದ್ದರು. ಸೋಪು ತಾಗಿದರೆ ಒಗ್ಗರಣೆಯ ಪರಿಮಳವೇ ಹೋಯಿತು ಎಂದು ತಮ್ಮ ಹರಕು ಬಂಗಾಳಿಯಲ್ಲಿ ಪಾಠ ಬೇರೆ ಮಾಡಿದ್ದರು. ಬ್ಯಾಂಕಿನಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದ ರಮಾನಾಥರೂ ಹೆಂಡತಿಯ ಪರವೇ. ತಿಳಿಸಾರಿನ ರುಚಿಯಲ್ಲಿ ಅರ್ಧ ಪಾಲು ಆ ಸೌಟಿನದ್ದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಸಾಸಿವೆ ಆ ಮನೆಗೆ ವೈರಿಯಾಗಿ ಎರಡು ತಿಂಗಳಾಗಿತ್ತು. ಮೊಮ್ಮಗಳು ವರ್ಷಿಣಿಗೆ ಐದೂವರೆ ವರ್ಷ. ಗೆಳತಿಯ ಹುಟ್ಟುಹಬ್ಬಕ್ಕೆ ಹೋದವಳು ಕಾಸುಂದಿ ನೆಕ್ಕಿ ಬಂದಳು. ಬಂಗಾಳಿಗಳು ಕರಿದ ತಿಂಡಿಗೆಲ್ಲ ನಂಚಿಕೊಳ್ಳುವ ಸಾಸಿವೆ ಗೊಜ್ಜು ಅದು. ಮನೆಗೆ ಬರುವಷ್ಟರಲ್ಲಿ ಮೈತುಂಬ ಗಂದೆ.

"ಇದು ಪಿತ್ತ ಮಾರಾಯ್ತಿ, ಪುನರ್ಪುಳಿ ನೀರು ಕುಡಿಸಿದ್ರೆ ಇಳೀತದೆ" ಎಂದರು ಜಯಂತಿ.

"ಪಿತ್ತವೋ ಇನ್ನೊಂದೋ, ಡಾಕ್ಟರ್ ಹೇಳ್ಲಿ ಅತ್ತೆ" ಎಂದಳು ಸೊಸೆ ಅಶ್ವಿತಾ. ಬೆಂಗಳೂರಿನ ಹುಡುಗಿ, ಐಟಿ ಕಂಪನಿಯ ಕೆಲಸ, ಊಹೆಯ ಮೇಲೆ ಒಂದು ಹೆಜ್ಜೆಯೂ ಇಡದ ಜಾತಿ.

ಅಲರ್ಜಿ ಡಾಕ್ಟರು ಮಗುವಿನ ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ ಚುಚ್ಚಿ ನೋಡಿದರು. ಧೂಳು, ಹಾಲು, ಮೊಟ್ಟೆ, ಕಡಲೆಬೀಜ ಎಲ್ಲ ಸುಮ್ಮನಿದ್ದವು. ಸಾಸಿವೆ ಹನಿಯ ಜಾಗ ಮಾತ್ರ ಕಾಲು ಗಂಟೆಯಲ್ಲಿ ಕೆಂಪಗೆ ಊದಿಕೊಂಡಿತು. ಪಿತ್ತ ಅಲ್ಲ, ದೃಷ್ಟಿಯೂ ಅಲ್ಲ, ಇಷ್ಟು ದಿನ ಒಗ್ಗರಣೆ ತಿಂದು ಏನೂ ಆಗದಿದ್ದ ಮಗುವಿಗೂ ಇದು ಹೀಗೆ ಒಮ್ಮೆಲೇ ಶುರುವಾಗಬಹುದು ಎಂದರು ಡಾಕ್ಟರು. ಸಾಸಿವೆಯನ್ನು ಕಂಡರೆ ಈ ಮಗುವಿನ ಮೈ ಕಳ್ಳ ನುಗ್ಗಿದನೆಂದು ತಿಳಿದು ಎದ್ದು ಹೊಡೆದಾಡುತ್ತದೆ, ಏಟು ಬೀಳುವುದು ಮಾತ್ರ ಅದರ ಮೈಗೇ. ಅಷ್ಟು ಹೇಳಿ, ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಎರಡು ಪುಟದ ಹಾಳೆಯೊಂದನ್ನೂ ಗಂದೆಗೊಂದು ಸಿರಪ್ಪನ್ನೂ ಕೊಟ್ಟು ಕಳಿಸಿದರು.

ಅಶ್ವಿತಾ ಮಗಳಿಗೆಂದೇ ಕೆಂಪು ಹಿಡಿಯ ಬಾಣಲೆ, ತಟ್ಟೆ, ಚಮಚ ತಂದಳು. ಒಗ್ಗರಣೆ ಸೌಟಿನ ಸುದ್ದಿಯೇ ಬರಲಿಲ್ಲ, ಏಕೆಂದರೆ ಮಗುವಿನ ಅಡುಗೆಗೆ ಒಗ್ಗರಣೆಯೇ ಇಲ್ಲ ಎಂದಾಗಿತ್ತು. ಮನೆಯಲ್ಲಿ ತೊಳೆಯದ ಸೌಟೊಂದಿದೆ ಎಂದು ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಹುಡುಗಿಗೆ ಗೊತ್ತಾಗುವುದಾದರೂ ಹೇಗೆ? ಇಂಗ್ಲಿಷ್ ಹಾಳೆಯನ್ನು ಜಯಂತಿಗೆ ಓದಿ ಹೇಳುವ ಕೆಲಸ ರಮಾನಾಥರ ಪಾಲಿಗೆ ಬಂತು. ಮೊದಲ ಪುಟ ಗಂಭೀರವಾಗಿ ಓದಿದರು. ಪುಟ ತಿರುವುವಷ್ಟರಲ್ಲಿ ಟಿವಿಯಲ್ಲಿ ಕ್ರಿಕೆಟ್ ಶುರುವಾಯಿತು.

"ಹಿಂದಿನ ಪುಟದಲ್ಲಿ ಎಂತ ಉಂಟು?" ಎಂದು ಜಯಂತಿ ಕೇಳಿದರು.

"ಅದೇ ಮಾರಾಯ್ತಿ, ಎಚ್ಚರಿಕೆ, ಎಚ್ಚರಿಕೆ" ಎಂದು ರಮಾನಾಥರು ಹಾಳೆ ಮಡಿಸಿಟ್ಟರು.

ಒಂದು ಭಾನುವಾರ ಮಧ್ಯಾಹ್ನ ವರ್ಷಿಣಿ ತುಟಿ ಉಬ್ಬಿಸಿ ಕೂತಳು. "ಅಜ್ಜೀ, ನಂದು ಸಾರು ಪಾನಿ ಪಾನಿ. ಅಜ್ಜಂದು ಯಮ್ಮಿ."

ಜಯಂತಿ ಮಗುವಿನ ಬಟ್ಟಲನ್ನೆತ್ತಿಕೊಂಡು ಅಡುಗೆಮನೆಗೆ ನಡೆದರು. ಎರಡು ತಿಂಗಳಿಂದ ಮಗು ಒಗ್ಗರಣೆಯಿಲ್ಲದ ಸಪ್ಪೆ ಸಾರು ತಿನ್ನುತ್ತಿದೆ, ಯಾವ ಜನ್ಮದ ಕರ್ಮವೋ! ದೊಡ್ಡವರ ಸಾರಿಗೆ ಸಾಸಿವೆ ಸಿಡಿಸಿ ಆಗಿತ್ತು. ಸೌಟನ್ನು ಒರೆಸಿದರು, ಹೊಸ ತೆಂಗಿನೆಣ್ಣೆ ಹಾಕಿದರು, ಜೀರಿಗೆ ಮತ್ತು ಕರಿಬೇವು ಮಾತ್ರ ಹಾಕಿ ಚುಂಯ್ ಎನ್ನಿಸಿ ಮೊಮ್ಮಗಳ ಬಟ್ಟಲಿಗೆ ಸುರಿದರು. ಮಗು ಎರಡು ಸಲ ಹಾಕಿಸಿಕೊಂಡು ಉಂಡಿತು.

ಹತ್ತು ನಿಮಿಷ ಆಗಿರಲಿಲ್ಲ. ತುಟಿ ಊದಿತು, ಕುತ್ತಿಗೆಯಲ್ಲಿ ಗಂದೆ ಎದ್ದಿತು. ಉಂಡದ್ದೆಲ್ಲ ಕಕ್ಕಿತು. ಆಮೇಲೆ ಮಗುವಿನ ದನಿಯೇ ಬದಲಾಗಿ ಗೊಗ್ಗರು ಕೆಮ್ಮು ಹಿಡಿಯಿತು. ರಮಾನಾಥರ ಮಗ ಕಿರಣ, ಅವನೂ ಬ್ಯಾಂಕಿನವನೇ, ಉಟ್ಟ ಲುಂಗಿಯಲ್ಲೇ ಮಗಳನ್ನೆತ್ತಿಕೊಂಡು ಮೆಟ್ಟಿಲಿಳಿದ. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿದ ಮೇಲೆ ಮಗುವಿನ ಉಸಿರು ಹದಕ್ಕೆ ಬಂತು.

"ಇನ್ನು ಅರ್ಧ ಗಂಟೆ ತಡ ಆಗಿದ್ರೆ?" ಎಂದು ಅಶ್ವಿತಾ ಆಸ್ಪತ್ರೆಯ ಬೆಂಚಿನ ಮೇಲೆ ಯಾರನ್ನೂ ನೋಡದೆ ಕೇಳಿದಳು.

ಮಾರನೇ ದಿನ ಮಗುವನ್ನು ಮನೆಗೆ ತಂದದ್ದೇ ವಿಚಾರಣೆ ಶುರುವಾಯಿತು.

"ಅತ್ತೆ, ನಿಜ ಹೇಳಿ. ಏನು ಹಾಕಿದ್ರಿ?"

"ಜೀರಿಗೆ, ಕರಿಬೇವು, ತೆಂಗಿನೆಣ್ಣೆ. ದೇವರಾಣೆ, ಒಂದೇ ಒಂದು ಸಾಸಿವೆ ಕಾಳು ಹಾಕ್ಲಿಲ್ಲ."

"ಹಾಗಾದ್ರೆ ಹೇಗಾಯ್ತು? ಗಾಳಿಯಲ್ಲಿ ಬಂತಾ?"

"ಅಶೂ, ಅಮ್ಮನ ಹತ್ರ ಹಾಗೆ ಮಾತಾಡ್ಬೇಡ" ಎಂದ ಕಿರಣ.

"ಹೇಗೆ ಮಾತಾಡ್ಲಿ ಕಿರಣ? ಸ್ಕೂಲ್ ಬಿಟ್ಟ ಮೇಲೆ ನಾಲ್ಕು ಗಂಟೆ ಇವಳು ಇಲ್ಲಿರೋದು. ಇನ್ನು ಬೇಡ. ಆಫೀಸಿನ ಹತ್ರ ಡೇ ಕೇರ್ ಇದೆ, ಅಲ್ಲಿಗೆ ಸೇರಿಸ್ತೀನಿ."

ಆ ನಾಲ್ಕು ಗಂಟೆಯೇ ಜಯಂತಿಯ ದಿನ ಎಂಬುದು ರಮಾನಾಥರಿಗೆ ಗೊತ್ತಿತ್ತು. ಬಸ್ಸಿನಿಂದ ಇಳಿಸಿಕೊಳ್ಳುವುದು, ಕೈಕಾಲು ತೊಳೆಸುವುದು, ಉಣಿಸುವುದು, ಕನ್ನಡದಲ್ಲಿ ಕಥೆ ಹೇಳಿ ಹಿಂದಿಯಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವುದು. ಅದಕ್ಕಿಂತ ಮೊದಲಿನದ್ದೆಲ್ಲ ಆ ಹೆಂಗಸಿಗೆ ಬರೀ ಕಾಯುವ ಹೊತ್ತು.

ಆದರೆ ಮಂಗಳವಾರ ರಜೆ ಹಾಕಿ ಮನೆಯಲ್ಲಿದ್ದ ಅಶ್ವಿತಾಳ ಕಣ್ಣು ಶೆಫಾಲಿ ಮಾಸಿಯ ಡಬ್ಬಿಯ ಮೇಲೆ ಬಿತ್ತು. ಅದರಲ್ಲಿ ಮಧ್ಯಾಹ್ನಕ್ಕೆ ತಂದ ಮಂಡಕ್ಕಿ, ಸಾಸಿವೆ ಎಣ್ಣೆ ಕಲಸಿದ್ದು. ಭಾನುವಾರ ಬೆಳಿಗ್ಗೆಯೂ ಶೆಫಾಲಿ ಬಂದಿದ್ದಳಲ್ಲ?

"ಪುಟ್ಟಾ, ಮಾಸಿ ನಿನಗೆ ಮಂಡಕ್ಕಿ ಕೊಟ್ಟಿದ್ಲಾ?"

"ಹ್ಞಾಂ, ದಿಯಾ ಥಾ" ಎಂದಿತು ಮಗು. ಯಾವತ್ತು, ಎಂಥದ್ದು ಎಂದು ಐದೂವರೆ ವರ್ಷದ ಮಗುವಿಗೆ ಏನು ನೆನಪು?

"ಎಣ್ಣೆ ಹಾಕದ್ದು ಕೊಟ್ಟಿದ್ದೆ ಬೌದಿ, ಅದೂ ಪೂಜೆ ಹಬ್ಬಕ್ಕೂ ಮುಂಚೆ. ಕಾಯಿಲೆ ಗೊತ್ತಾದ ಮೇಲೆ ನನ್ನ ಮಗನಾಣೆ, ಒಂದು ಕಾಳೂ ಕೊಟ್ಟಿಲ್ಲ" ಎಂದು ಶೆಫಾಲಿ ಎರಡೂ ಕೈ ಮುಗಿದಳು. ಅಶ್ವಿತಾ ಅವಳ ತಿಂಗಳ ಸಂಬಳ ಕೈಗಿಟ್ಟು ನಾಳೆಯಿಂದ ಬೇಡ ಎಂದಳು. ಆರು ವರ್ಷ ಆ ಮನೆಯ ನೆಲ ಒರೆಸಿದವಳು ಸೆರಗಿನಲ್ಲಿ ಮೂಗೊರೆಸಿಕೊಂಡು ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಆದರೆ ಅವತ್ತು ಎತ್ತು ಯಾವುದು ಎಮ್ಮೆ ಯಾವುದು ಎಂದು ಯಾರಿಗೂ ತಿಳಿದಿರಲಿಲ್ಲ.

ಅದೇ ಸಂಜೆ ಅಶ್ವಿತಾ ಅತ್ತೆಯ ಪಕ್ಕ ಬಂದು ಕೂತಳು. "ಸಾರಿ ಅತ್ತೆ. ಏನೇನೋ ಅಂದ್ಬಿಟ್ಟೆ. ಡೇ ಕೇರ್ ಬೇಡ, ನೀವಿದ್ದೀರಲ್ಲ."

ರಮಾನಾಥರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಜಯಂತಿಯ ಮುಖ ಮಾತ್ರ ಅರಳಲಿಲ್ಲ. ಪಾತ್ರೆ ತಿಕ್ಕುತ್ತಾ, ಬಟ್ಟೆ ಹಿಂಡುತ್ತಾ, "ಶೆಫಾಲಿ ಮಗನ ಮೇಲೆ ಸುಳ್ಳು ಆಣೆ ಹಾಕುವವಳಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅಂಥ ಒಂಬತ್ತು ದಿನ ಕಳೆದವು. ಹತ್ತನೇ ದಿನ ಬೆಳಿಗ್ಗೆ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಡಾಕ್ಟರ ಹಾಳೆಯನ್ನು ತಂದು ಗಂಡನ ಪೇಪರಿನ ಮೇಲೆಯೇ ಇಟ್ಟರು.

"ಹಿಂದಿನ ಪುಟ ಓದಿ."

"ಈಗೆಂತಕ್ಕೆ?"

"ಓದಿ ಅಂದೆ."

ರಮಾನಾಥರು ಕನ್ನಡಕ ಏರಿಸಿ ಓದಿದರು. ಅರ್ಧಕ್ಕೆ ಬರುವಾಗ ಅವರ ದನಿ ನಿಧಾನವಾಯಿತು. "ಅಲರ್ಜಿಯ ವಸ್ತು ಊಟದಲ್ಲಿ ನೇರವಾಗಿ ಇರಬೇಕೆಂದೇ ಇಲ್ಲ. ಅದನ್ನು ಕರಿದ ಎಣ್ಣೆ, ಮುಟ್ಟಿದ ಚಮಚ, ಸರಿಯಾಗಿ ತೊಳೆಯದ ಪಾತ್ರೆಯಿಂದಲೂ ತಗಲಬಹುದು. ಕಣ್ಣಿಗೆ ಕಾಣದಷ್ಟು ಅಂಶ ಸಾಕು. ಒರೆಸಿದರೆ ಸಾಲದು, ಸೋಪು ಹಾಕಿ ತೊಳೆಯಬೇಕು."

"ಇನ್ನೊಮ್ಮೆ ಓದಿ."

ಇನ್ನೊಮ್ಮೆ ಓದಿದರು. ಜಯಂತಿ ಎದ್ದು ಅಡುಗೆಮನೆಗೆ ಹೋದರು. ಸೌಟನ್ನು ತೆಗೆದು ಏನೂ ಹಾಕದೆ ಬರೀ ತೆಂಗಿನೆಣ್ಣೆ ಬಿಸಿ ಮಾಡಿದರು. ಸ್ವಲ್ಪ ಹೊತ್ತಿಗೆ ಸಾಸಿವೆಯ ಘಾಟು ಮೂಗಿಗೆ ಬಡಿಯಿತು. ಆರಿದ ಮೇಲೆ ಚಾಕುವಿನ ತುದಿಯಿಂದ ತಳ ಕೆರೆದರೆ ಕಪ್ಪು ಹೆಕ್ಕಳಿಕೆ ಎದ್ದು ಬಂತು, ಅದರೊಳಗೆ ಸುಟ್ಟ ಸಾಸಿವೆಯ ಸಿಪ್ಪೆಗಳು. ಜಯಂತಿ ಅದನ್ನು ಬಿಳಿ ತಟ್ಟೆಯಲ್ಲಿ ಹಾಕಿ ತಂದು ಗಂಡನ ಎದುರಿಟ್ಟರು.

"ನೋಡಿ. ಶೆಫಾಲಿ ಅಲ್ಲ, ನಾನು."

ರಮಾನಾಥರು ತಟ್ಟೆಯನ್ನು ಪೇಪರಿನಿಂದ ಮುಚ್ಚಿದರು. ಆಮೇಲೆ ಮೆಲ್ಲಗೆ, "ಸೌಟು ಬಿಸಾಡು, ಹೊಸತು ತರುವ. ಇನ್ನು ಹಾಗೆ ಆಗೂದಿಲ್ಲ. ಇದನ್ನ ಹೇಳಿ ಎಂತ ಆಗ್ಬೇಕು ಈಗ?" ಎಂದರು.

"ಹೇಳದಿದ್ರೆ?"

"ಹೇಳಿದ್ರೆ ಮಗು ಡೇ ಕೇರಿಗೆ ಹೋಗ್ತದೆ. ನಿನಗೆ ಮಂಡೆ ಸಮ ಉಂಟಾ? ಯಾರಿಗೂ ಗೊತ್ತಾಗ್ಲಿಲ್ಲ, ಸುಮ್ಮನಿರು."

"ಯಾರಿಗೂ ಅಂದ್ರೆ? ನನಗೆ ಗೊತ್ತಾಗ್ಲಿಲ್ವಾ?" ಜಯಂತಿಯ ದನಿ ಏರಿತು. "ಅವಳ ಮನೇಲಿ ಒಲೆ ಹತ್ತಿತಾ ಇಲ್ವಾ ಅಂತ ಒಂದು ದಿನ ಕೇಳಿದ್ರಾ ನೀವು? ಅವಳ ಹೊಟ್ಟೆ ಮೇಲೆ ಕಾಲಿಟ್ಟು ನಾನು ಮೊಮ್ಮಗಳನ್ನ ಮುದ್ದು ಮಾಡೂದಾ?"

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಎಂತೆಂಥ ಸಾಹೇಬರನ್ನು ಕಂಡವರು ರಮಾನಾಥರು. ತಪ್ಪಾದಾಗ ಕೆಳಗಿನವನ ತಲೆಗೆ ಕಟ್ಟಿ ಬಡ್ತಿ ಪಡೆದವರೇ ಹೆಚ್ಚು. ಯಾರೂ ಕೇಳದಿದ್ದಾಗ ತಾನಾಗಿ ಎದ್ದು ಬಂದು ನಾನೇ ಮಾಡಿದೆ ಎಂದವನನ್ನು ಅವರು ಕಂಡಿರಲೇ ಇಲ್ಲ. ಇವಳು ಇಷ್ಟು ದೊಡ್ಡವಳೆಂದು ನನಗೆ ತಿಳಿಯಲೇ ಇಲ್ಲವಲ್ಲ ಎನಿಸಿ ಅವರಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಶನಿವಾರ ಬೆಳಿಗ್ಗೆ ಎಲ್ಲರೂ ಮನೆಯಲ್ಲಿದ್ದರು. ಜಯಂತಿ ನೀರುದೋಸೆ ಹಾಕಿ ಎಲ್ಲರೂ ತಿಂದು ಕೈ ತೊಳೆಯುವವರೆಗೂ ಕಾದರು. ಮಗುವನ್ನು ಟಿವಿ ಮುಂದೆ ಕೂರಿಸಿ ಬಂದರು.

"ಅಶ್ವಿತಾ, ಕೂತ್ಕೋ. ಕಿರಣ, ನೀನೂ. ಅವತ್ತು ಮಗುವಿಗೆ ಆದದ್ದು ಶೆಫಾಲಿಯಿಂದ ಅಲ್ಲ. ನನ್ನಿಂದ." ತಟ್ಟೆಯನ್ನು ಮುಂದಿಟ್ಟು ಸೌಟಿನ ಕಥೆಯನ್ನು ಮೊದಲಿಂದ ಕೊನೆವರೆಗೂ ಹೇಳಿದರು. ಒಂದು ಮಾತನ್ನೂ ನುಂಗಲಿಲ್ಲ, ಒಂದು ನೆಪವನ್ನೂ ಸೇರಿಸಲಿಲ್ಲ. ಗಂಡ ಹಿಂದಿನ ಪುಟ ಓದದ ಸಂಗತಿಯನ್ನಂತೂ ಎತ್ತಲೇ ಇಲ್ಲ.

ರಮಾನಾಥರಿಗೆ ಕೂತಲ್ಲಿ ಕೂರಲಾಗಲಿಲ್ಲ. "ಅವಳೊಬ್ಬಳದ್ದೇ ಅಲ್ಲ ಮಗಾ. ಎರಡನೇ ಪುಟದಲ್ಲಿ ಎಲ್ಲ ಬರೆದಿತ್ತು. ಇವಳು ಕೇಳಿದ್ಳು, ನಾನೇ ಓದ್ಲಿಲ್ಲ. ಕ್ರಿಕೆಟ್ ನೋಡ್ತಾ ಕೂತೆ" ಎಂದುಬಿಟ್ಟರು.

ಅಶ್ವಿತಾಳ ಮುಖ ಕೆಂಪಾಯಿತು. "ತೊಳೆಯದ ಸೌಟಾ? ಇಷ್ಟು ವರ್ಷ? ನಾನು ಬಾಣಲೆ ತಂದೆ, ಚಮಚ ತಂದೆ, ಎಲ್ಲ ಬೇರೆ ಮಾಡಿದೆ. ಒಂದು ಮಾತು ಕೇಳ್ಬಾರದಿತ್ತಾ ಅತ್ತೆ ನನ್ನನ್ನ? ನನ್ನ ಮಗು ಉಸಿರಾಡೋಕೆ ಒದ್ದಾಡ್ತು!"

"ಕೇಳ್ಬೇಕಿತ್ತು."

"ಆ ಮಾಸಿನ ಬೇರೆ ಕಳ್ಳಿ ಥರ ಕಳಿಸಿದೆನಲ್ಲ ನಾನು!"

"ಅವಳನ್ನ ನಾನೇ ಹೋಗಿ ಕರೀತೇನೆ."

"ಕರೀರಿ. ಆದ್ರೆ ವರ್ಷಿಣಿ ಸೋಮವಾರದಿಂದ ಡೇ ಕೇರ್‌ಗೆ." ಅಶ್ವಿತಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿರಣ ಏನೋ ಹೇಳಲು ಹೊರಟ. ಜಯಂತಿ ಕೈಯಾಡಿಸಿ, "ಅವಳು ತಾಯಿ. ಸಮ ಮಾಡಿದ್ಳು" ಎಂದರು.

ಅದೇ ಸಂಜೆ ರೈಲು ಹಳಿಯ ಹಿಂದಿನ ಗಲ್ಲಿಯಲ್ಲಿ ಶೆಫಾಲಿಯ ಒಂದೇ ಕೋಣೆಯ ಮನೆ ಹುಡುಕಿಕೊಂಡು ಗಂಡ ಹೆಂಡತಿ ಹೋದರು. ರಮಾನಾಥರು ಹೊರಗೇ ನಿಂತರು. "ತಪ್ಪು ನನ್ನದು ಶೆಫಾಲಿ. ನಿನ್ನ ಮೇಲೆ ಬಂತು. ನೀನು ಅಳುವಾಗ ನಾನು ಸುಮ್ಮನೆ ನಿಂತಿದ್ದೆ, ಅದೂ ತಪ್ಪೇ" ಎಂದು ಹೆಂಡತಿ ಹರಕು ಬಂಗಾಳಿಯಲ್ಲಿ ಹೇಳುವುದು ಕೇಳಿಸಿತು. ಸಿಟ್ಟು ಮಾಡುವುದಕ್ಕೆ ಶೆಫಾಲಿಗೆ ಪೂರಾ ಹಕ್ಕಿತ್ತು, ಮಾಡಿದಳು ಕೂಡ. "ಆರು ವರ್ಷ ಮಾಸಿಮಾ! ಆರು ವರ್ಷದಲ್ಲಿ ಒಂದು ಚಮಚ ಕದ್ದಿದ್ದೀನಾ?" ಎಂದು ಗಲ್ಲಿಗೆ ಕೇಳುವಂತೆ ಬೈದಳು. ಜಯಂತಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಕೊನೆಗೆ ಶೆಫಾಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟಳು. ಸೋಮವಾರ ಕೆಲಸಕ್ಕೆ ಬಂದಳು.

ಸೋಮವಾರವೇ ಮಗು ಡೇ ಕೇರಿಗೆ ಹೋಯಿತು. ಮಧ್ಯಾಹ್ನ ಬಸ್ಸಿನ ಹೊತ್ತಿಗೆ ಜಯಂತಿ ಅಭ್ಯಾಸಬಲದಿಂದ ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು, ಮತ್ತೆ ಬಿಚ್ಚಿಟ್ಟರು. ಇನ್ನು ಇವಳು ಹಾಸಿಗೆ ಹಿಡಿಯುತ್ತಾಳೆ ಎಂದುಕೊಂಡರು ರಮಾನಾಥರು.

ಹಾಸಿಗೆ ಹಿಡಿಯುವುದೇ? ಆ ಹೆಂಗಸು ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದರು! ಸೌಟನ್ನು ಹಳೇ ಸಾಮಾನಿನವನಿಗೆ ಹಾಕಿದರು. ಸಾಸಿವೆ ಡಬ್ಬಿ ಹೋಯಿತು, ಸಾಸಿವೆ ಬಿದ್ದ ಸಾರಿನ ಪುಡಿ ಹೋಯಿತು. ಕಡೆಗೆ ಊರಿಂದ ಬಂದ ಮಾವಿನಮಿಡಿ ಉಪ್ಪಿನಕಾಯಿಯ ಜಾಡಿಗೇ ಕೈ ಹಾಕಿದರು.

"ಅಯ್ಯೋ, ಅದೆಂತ ಮಾಡ್ತು?" ಎಂದು ರಮಾನಾಥರು ಅಡ್ಡ ಬಂದರು.

"ಮಿಡಿಗೆ ಸಾಸಿವೆ ಅರೆದು ಹಾಕೂದಲ್ವಾ?"

"ನಾನೊಬ್ಬನೇ ಬೇರೆ ಕೂತು ತಿಂತೇನೆ ಮಾರಾಯ್ತಿ!"

"ಆ ಚಮಚ ಇನ್ನೆಲ್ಲಿಗೆ ಹೋಗ್ತದೆ ಅಂತ ನಿಮಗೆ ಗೊತ್ತುಂಟಾ? ಎಪ್ಪತ್ತು ವರ್ಷ ತಿಂದದ್ದು ಸಾಕು."

ಜಾಡಿ ಎದುರುಮನೆಗೆ ಹೋಯಿತು. ಅರವತ್ತಾರನೇ ವಯಸ್ಸಿನಲ್ಲಿ ಜಯಂತಿ ಅಡುಗೆಯನ್ನು ಅಆಇಈಯಿಂದ ಕಲಿತರು. ಜೀರಿಗೆಯದ್ದು, ಉದ್ದಿನಬೇಳೆಯದ್ದು, ಮೆಂತ್ಯ ಹಿಂಗಿನದ್ದು ಎಂದು ದಿನಕ್ಕೊಂದು ಒಗ್ಗರಣೆ. ಮೊದಲ ವಾರ ಯಾವುದೂ ಬಾಯಿಗೆ ಹತ್ತಲಿಲ್ಲ. ಎರಡನೇ ವಾರ ರಮಾನಾಥರು ಕೇಳದೆಯೇ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಪೇಟೆಯಿಂದ ತಂದ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಈಗ ಅವರು ಭೂತಗನ್ನಡಿ ಹಿಡಿದು ಓದಬೇಕಾಗಿತ್ತು, ಹಿಂದೆಯೂ ಮುಂದೆಯೂ.

ಅಷ್ಟಕ್ಕೇ ಬಿಡಲಿಲ್ಲ. ಡಾಕ್ಟರು ಈಗ ಪೆನ್ನಿನಂಥ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಅದನ್ನು ಬಳಸಲು ಅಶ್ವಿತಾ, ಕಿರಣ ಮಾತ್ರ ಕಲಿತಿದ್ದರು. ಸೂಜಿಯಿಲ್ಲದ ಅಭ್ಯಾಸದ ಪೆನ್ನೊಂದು ಕಪಾಟಿನಲ್ಲಿತ್ತು. ಜಯಂತಿ ಮಗನಿಂದ ಹೇಳಿಸಿಕೊಂಡು ದಿನಾ ಗಂಡನ ತೊಡೆಗೆ ಒತ್ತಿ ಹತ್ತರವರೆಗೆ ಎಣಿಸಿದರು.

"ನನ್ನ ತೊಡೆ ಎಂತ ಪಾಪ ಮಾಡಿದೆ? ಮಗುವೇ ಇಲ್ಲಿ ಇಲ್ಲ, ನಿನ್ನ ಕೈಗೆ ಪೆನ್ನು ಕೊಟ್ಟವರೂ ಇಲ್ಲ" ಎಂದರು ರಮಾನಾಥರು ಒಂದು ದಿನ, ರೇಗಿ.

"ಕೊಡದಿದ್ರೆ ಬೇಡ. ಮಗು ಭಾನುವಾರ ಮನೇಲಿ ಇರೂದಿಲ್ವಾ? ನನಗೆ ಗೊತ್ತಿರ್ಬೇಕು. ಬರೀ ಗಂದೆ ಆದ್ರೆ ಸಿರಪ್ಪು ಕೊಟ್ಟು ಕಾಯೂದು. ದನಿ ಒಡೆದ್ರೆ, ಉಸಿರು ಕಟ್ಟಿದ್ರೆ, ಗಂದೆ ಜೊತೆ ವಾಂತಿ ಆದ್ರೆ ಮೊದಲು ಇಂಜೆಕ್ಷನ್ನು, ಆಮೇಲೆ ಆಸ್ಪತ್ರೆ. ಸಮ ಹೇಳಿದ್ನಾ?"

"ಸಮ" ಎಂದು ರಮಾನಾಥರು ಇನ್ನೊಂದು ತೊಡೆ ಕೊಟ್ಟರು.

ಮೂರನೇ ವಾರದ ಗುರುವಾರ ಅಶ್ವಿತಾ ಸಂಜೆ ಐದಕ್ಕೇ ಮಗುವನ್ನೆತ್ತಿಕೊಂಡು ಬಂದಳು. ವರ್ಷಿಣಿಯ ತುಟಿಯ ಸುತ್ತ ಕೆಂಪಗಾಗಿತ್ತು, ಕುತ್ತಿಗೆಯಲ್ಲಿ ನಾಲ್ಕೈದು ಗಂದೆ.

"ಸಿರಪ್ ಕೊಟ್ಟೆ. ಕ್ಯಾಬಲ್ಲಿ ಬರ್ತಾನೇ ಕೊಟ್ಟೆ" ಎಂದಳು. "ಅಲ್ಲಿ ಕೇಳಿದ್ರೆ ಏನೂ ಕೊಟ್ಟಿಲ್ಲ, ಸೊಳ್ಳೆ ಕಚ್ಚಿರಬೇಕು ಅಂತಾರೆ."

"ದಿದಿ ಆಲೂ ಚಾಪ್ ದಿಯಾ, ಲಾಲ್‌ವಾಲಾ ನಹೀ, ಯೆಲ್ಲೋ ಚಟ್ನಿ" ಎಂದಿತು ಮಗು. ಡೇ ಕೇರಿನವಳು ಆಲೂಗಡ್ಡೆ ಬೋಂಡಕ್ಕೆ ಹಚ್ಚಿ ಕೊಟ್ಟ ಆ ಹಳದಿ ಚಟ್ನಿ ಕಾಸುಂದಿಯೇ.

ಜಯಂತಿ ಯಾರನ್ನೂ ಏನೂ ಕೇಳಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಗಿ ಎತ್ತಿ ಹೊಟ್ಟೆ, ಬೆನ್ನು ನೋಡಿದರು. ನಾಲಿಗೆ ಚಾಚಿಸಿದರು. "ಒಂದರಿಂದ ಇಪ್ಪತ್ತು ಹೇಳು ಕಂದಾ, ಗಟ್ಟಿಯಾಗಿ" ಎಂದು ದನಿಗೆ ಕಿವಿಯಿಟ್ಟರು. ಪೆನ್ನನ್ನು ಬ್ಯಾಗಿನಿಂದ ತೆಗೆಸಿ ಎದುರಿಗೇ ಇಡಿಸಿದರು, ಕಿರಣನಿಗೆ ಫೋನ್ ಮಾಡಿಸಿ ಕೆಳಗೆ ಟ್ಯಾಕ್ಸಿ ನಿಲ್ಲಿಸಲು ಗಂಡನನ್ನು ಓಡಿಸಿದರು. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಹೊಟ್ಟೆ, ಮತ್ತೆ ನಾಲಿಗೆ, ಮತ್ತೆ ಇಪ್ಪತ್ತರ ಎಣಿಕೆ. ಹೀಗೆ ಎರಡು ಗಂಟೆ. ಅಶ್ವಿತಾ ಎದುರಿನ ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದಳು. ಏಳು ದಾಟುವಾಗ ಗಂದೆ ಇಳಿಯಿತು. ಮಗು ಎಣಿಸಿ ಎಣಿಸಿ ಬೇಜಾರಾಗಿ ಅಜ್ಜನ ಜೊತೆ ಆಡಲು ಇಳಿದುಹೋಯಿತು.

"ಮೂರು ಸಲ ಕೇಳಿದೆ ಅತ್ತೆ" ಎಂದಳು ಅಶ್ವಿತಾ. "ಬೈಯಲ್ಲ, ಏನು ತಿಂದಳು ಅಂತ ಗೊತ್ತಾದ್ರೆ ಸಾಕು ಅಂದೆ. ಡಾಕ್ಟರಿಗೆ ಹೇಳೋಕಾದ್ರೂ ಬೇಕಲ್ವಾ? ಮೂರು ಸಲವೂ ಸೊಳ್ಳೆ ಅಂದ್ರು."

"ಹೆದರಿರ್ಬೇಕು ಪಾಪ."

"ನೀವು ಹೆದರಲಿಲ್ವಾ?" ಅಶ್ವಿತಾಳ ಕಣ್ಣು ತುಂಬಿತು. "ಇವಳನ್ನ ಡೇ ಕೇರಿಗೆ ಕಳಿಸ್ತೀನಿ ಅಂತ ಗೊತ್ತಿತ್ತು ನಿಮಗೆ. ಗೊತ್ತಿದ್ದೇ ಹೇಳಿದ್ರಿ. ತಪ್ಪು ಎಲ್ಲರ ಕೈಲೂ ಆಗುತ್ತೆ ಅತ್ತೆ, ನಾನೂ ಮಾಸಿಗೆ ಮಾಡಿದೆ. ಆದರೆ ಆದದ್ದನ್ನ ಬಾಯಿಬಿಟ್ಟು ಹೇಳೋರ ಹತ್ರ ಮಾತ್ರ ನನ್ನ ಮಗೂನ ಬಿಡಬಲ್ಲೆ ನಾನು." ಇಂಜೆಕ್ಷನ್ನಿನ ಪೆನ್ನನ್ನೆತ್ತಿ ಅತ್ತೆಯ ಕೈಯಲ್ಲಿಟ್ಟಳು. "ನಾಳೆಯಿಂದ ಬಸ್ಸಿಗೆ ನೀವೇ ಹೋಗಿ."

ಜಯಂತಿ ಪೆನ್ನಿನ ಮುಚ್ಚಳ ಸರಿಯಾಗಿದೆಯೇ ಎಂದು ತಿರುಗಿಸಿ ನೋಡಿದರು. "ನನಗೆ ವಯಸ್ಸಾಯ್ತು ಮಗಾ. ಇನ್ನೊಮ್ಮೆ ತಪ್ಪಾಗೂದೇ ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ."

"ತಪ್ಪಾದ್ರೆ ಹೇಳ್ತೀರಲ್ಲ?"

"ಹೇಳದೆ? ನಿನಗೇ ಮೊದಲು ಹೇಳ್ತೇನೆ" ಎಂದರು ಜಯಂತಿ. ಆಸ್ಪತ್ರೆಯಲ್ಲೂ ಅಳದವರು, ಶೆಫಾಲಿಯ ಬೈಗುಳಕ್ಕೂ ಅಳದವರು, ಈಗ ಸೊಸೆಯ ಹೆಗಲಿಗೆ ಹಣೆ ಹಚ್ಚಿ ಗಳಗಳ ಅತ್ತುಬಿಟ್ಟರು.